ತವರಿನಿಂದ ಮುಂಬೈಗೆ ಬಂದ ಕೂಸು: ಮೊದಲ ವರ್ಷದ ಬೆಳವಣಿಗೆಯ ಲೆಕ್ಕ ಇಡುವುದು ಹೇಗೆ?

"ಐದು ತಿಂಗಳಾಯ್ತು, ಇನ್ನೂ ಮಗುಚಿಕೊಂಡಿಲ್ಲ. ಪಕ್ಕದ ಫ್ಲ್ಯಾಟಿನ ಮಗು ಆಗಲೇ ಕೂರುತ್ತೆ." "ಊರಲ್ಲಿ ತೂಗಿದಾಗ ಐದೂವರೆ ಕೆಜಿ ಇತ್ತು. ಇಲ್ಲಿ ಐದೂಕಾಲು ತೋರಿಸ್ತು. ಇಳಿದುಬಿಡ್ತಾ?" "ಮನೇಲಿ ಕನ್ನಡ, ಮಗು ನೋಡ್ಕೊಳ್ಳೋ ಕೆಲಸದ ಬಾಯಿ ಮರಾಠಿ, ಹೊರಗೆಲ್ಲ ಹಿಂದಿ. ಮಾತು ತಡ ಆಗುತ್ತಾ?" ಡೊಂಬಿವಲಿ, ಠಾಣೆ, ಪುಣೆ, ವಾಸ್ಕೋ, ಎಲ್ಲೇ ಇರಲಿ, ಹೊಸದಾಗಿ ಅಪ್ಪ ಅಮ್ಮ ಆದ ನಮ್ಮ ಕನ್ನಡದವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಒಂದು ದಿನದ ತೂಕದಿಂದ ಏನೂ ತಿಳಿಯುವುದಿಲ್ಲ. ಪಕ್ಕದ ಮನೆಯ ಮಗುವಿನಿಂದ ಇನ್ನೂ ಕಡಿಮೆ ತಿಳಿಯುತ್ತದೆ. ನಿಮ್ಮ ಮಗು ಹೋದ ತಿಂಗಳು ಹೇಗಿತ್ತು, ಈ ತಿಂಗಳು ಹೇಗಿದೆ, ನೋಡಬೇಕಾದದ್ದು ಅಷ್ಟೇ. ಅದಕ್ಕೆ ಹೋದ ತಿಂಗಳ ಲೆಕ್ಕ ಕೈಯಲ್ಲಿರಬೇಕಲ್ವಾ? ನಮ್ಮವರು ಎಡವುವುದೇ ಇಲ್ಲಿ. ಹೆರಿಗೆ, ಬಾಣಂತನ ಎಲ್ಲಾ ತವರಿನಲ್ಲಿ ಆಗುತ್ತದೆ. ಅದು ಕುಂದಾಪುರವೋ ವಿಜಯಪುರವೋ ಹಾವೇರಿಯೋ ಇರಬಹುದು. ಮೂರು ತಿಂಗಳಿಗೋ ಐದಕ್ಕೋ ಮಗು ರೈಲು ಹತ್ತಿ ಇಲ್ಲಿಗೆ ಬರುತ್ತದೆ. ಕಾಗದಪತ್ರ ಮಾತ್ರ ಅಲ್ಲೇ ಅಲ್ಮೇರಾದಲ್ಲಿ ಉಳಿದುಬಿಡುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಒಂದು ಪ್ಲಾಸ್ಟಿಕ್ ಫೈಲು, ದರ್ಜಿಯವರ ಹತ್ತಿರ ಇರುವಂಥ ಎಳೆದರೆ ಹಿಗ್ಗದ ಟೇಪು, ನಿಮ್ಮ ಫೋನು. ತೂಕದ ಯಂತ್ರ ಕೊಳ್ಳಬೇಡಿ. ಮನೆಯಲ್ಲಿ ಯಂತ್ರ ಇದ್ದರೆ ದಿನಾ ತೂಗುತ್ತೀರಿ, ದಿನಾ ಹೆದರುತ್ತೀರಿ.

1. ಊರು ಬಿಡುವ ಮೊದಲು ಕಾಗದ ಒಟ್ಟು ಮಾಡಿ

ಕರ್ನಾಟಕದಲ್ಲಿ ನಾವು ತಾಯಿ ಕಾರ್ಡ್ ಅನ್ನುತ್ತೇವೆ. ಸರ್ಕಾರಿ ಹೆಸರು ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡ್. ಮಹಾರಾಷ್ಟ್ರದಲ್ಲೂ ಇಂಥದ್ದೇ ಕಾರ್ಡ್ ಇದೆ, ಆದರೆ ಮರಾಠಿಯಲ್ಲಿ. ಲಸಿಕೆಯ ಪಟ್ಟಿ, ತೂಕದ ಚಾರ್ಟ್, ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅನ್ನುವ ಚಿತ್ರಗಳು, ಮೂರೂ ಅದರಲ್ಲೇ ಇರುತ್ತವೆ. ಬಹಳ ಜನ ಲಸಿಕೆಯ ಪುಟ ಬಿಟ್ಟು ಬೇರೆ ಪುಟ ತೆರೆಯುವುದೇ ಇಲ್ಲ.

ಫೈಲಿನಲ್ಲಿ ಇವಿಷ್ಟು ಇರಲಿ: ತಾಯಿ ಕಾರ್ಡ್, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಸಾರಾಂಶ, ಮಗುವಿನ ಕಿವಿ ಪರೀಕ್ಷೆಯ ಚೀಟಿ, ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿದ್ದರೆ ಅದರ ವರದಿ. ಡಿಸ್ಚಾರ್ಜ್ ಕಾಗದದಲ್ಲಿ ನಾಲ್ಕು ವಿಷಯ ಇವೆಯೇ ನೋಡಿಕೊಳ್ಳಿ. ಎಷ್ಟನೇ ವಾರಕ್ಕೆ ಹೆರಿಗೆ ಆಯ್ತು, ಹುಟ್ಟಿದಾಗಿನ ತೂಕ, ತಲೆಯ ಸುತ್ತಳತೆ, ಹುಟ್ಟಿದ ಕೂಡಲೇ ಮಗು ಅತ್ತಿತೇ. ಇಲ್ಲಿನ ಡಾಕ್ಟರು ಮೊದಲು ಕೇಳುವುದೇ ಇವನ್ನು. ಇಲ್ಲದಿದ್ದರೆ ಹೊರಡುವ ಮೊದಲೇ ಬರೆಸಿಕೊಳ್ಳಿ. ಆಮೇಲೆ ಫೋನ್ ಮಾಡಿ ಮಾವನನ್ನು ಆಸ್ಪತ್ರೆಗೆ ಅಲೆಸುವ ಕೆಲಸ ಬೇಡ.

ಎಲ್ಲಾ ಪುಟಗಳ ಫೋಟೋ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಲಸಿಕೆಯ ಲೆಕ್ಕ ಇಡುವ ಸರ್ಕಾರಿ ಜಾಲತಾಣ ಯು-ವಿನ್‌ನಲ್ಲಿ ನೋಂದಣಿ ಆಗಿದ್ದರೆ ಲಸಿಕೆಯ ವಿವರ ಬೇರೆ ಊರಿನಲ್ಲೂ ಸಿಗುತ್ತದೆ. ಆದರೂ ತೂಕ, ಅಳತೆಗೆ ಕಾಗದವೇ ಗತಿ. ಇಲ್ಲಿಗೆ ಬಂದ ಮೇಲೆ ಹತ್ತಿರದ ಅಂಗನವಾಡಿಗೆ ಹೋಗಿ ಹೆಸರು ಬರೆಸಿ. ಊರಿನ ಅಂಗನವಾಡಿಯಲ್ಲಿ ಮೊದಲೇ ನೋಂದಣಿ ಆಗಿದ್ದರೆ ಅದನ್ನೂ ಹೇಳಿ. "ಅಂಗನವಾಡಿ ನಮಗಲ್ಲ" ಅಂತ ಸೊಸೈಟಿಯಲ್ಲಿ ಇರುವವರು ಅಂದುಕೊಳ್ಳುವುದುಂಟು. ತಿಂಗಳು ತಿಂಗಳು ಒಂದೇ ತಕ್ಕಡಿಯಲ್ಲಿ, ಕಾಸಿಲ್ಲದೆ ತೂಗಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

2. ಮಗುವಿನ ವಯಸ್ಸು ಸರಿಯಾಗಿ ಲೆಕ್ಕ ಹಾಕಿ

ತಿಂಗಳು ತುಂಬಿ ಹುಟ್ಟಿದ ಮಗುವಾದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ.

37 ವಾರ ತುಂಬುವ ಮೊದಲೇ ಹುಟ್ಟಿದ್ದರೆ ಎರಡು ವಯಸ್ಸು ಇಟ್ಟುಕೊಳ್ಳಬೇಕು. ಒಂದು ಹುಟ್ಟಿದ ದಿನದಿಂದ, ಇನ್ನೊಂದು ಹುಟ್ಟಬೇಕಾಗಿದ್ದ ದಿನದಿಂದ. ಎರಡನೆಯದಕ್ಕೆ ಡಾಕ್ಟರು ಕರೆಕ್ಟೆಡ್ ಏಜ್ ಅನ್ನುತ್ತಾರೆ, ಅಂದರೆ ಸರಿಪಡಿಸಿದ ವಯಸ್ಸು. 32 ವಾರಕ್ಕೆ ಹುಟ್ಟಿದ ಮಗು 8 ವಾರ ಮುಂಚೆ ಬಂದಿದೆ. ಅದಕ್ಕೆ ಆರು ತಿಂಗಳಾದಾಗ ಬೆಳವಣಿಗೆಯ ಲೆಕ್ಕಕ್ಕೆ ನಾಲ್ಕೇ ತಿಂಗಳು. ಕೂತಿಲ್ಲ ಅಂತ ಗಾಬರಿ ಬೇಡ. ಎರಡು ವರ್ಷ ಆಗುವ ತನಕ ಹೀಗೇ ಲೆಕ್ಕ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಲಸಿಕೆಗೂ ಈ ಕಡಿಮೆ ವಯಸ್ಸನ್ನೇ ಹಿಡಿದು ತಡ ಮಾಡುತ್ತಾರೆ. ಲಸಿಕೆಗೆ ಹುಟ್ಟಿದ ದಿನದಿಂದಲೇ ಎಣಿಸಬೇಕು. ಇನ್ನೊಂದು ಮಾತು. 34 ವಾರಕ್ಕಿಂತ ಮೊದಲು ಹುಟ್ಟಿದ್ದರೆ, ಇಲ್ಲವೇ 2 ಕೆಜಿಗಿಂತ ಕಡಿಮೆ ಇದ್ದರೆ, ಹುಟ್ಟಿ ನಾಲ್ಕು ವಾರದೊಳಗೆ ಕಣ್ಣಿನ ಒಳಪರದೆ ತೋರಿಸಲೇಬೇಕು. ತೀರಾ ಚಿಕ್ಕ ಮಗುವಿಗೆ ಇನ್ನೂ ಬೇಗ. ಬಾಣಂತಿ ಹೊರಗೆ ಹೋಗಬಾರದು ಅಂತ ಇದನ್ನು ಮುಂದೂಡಿದರೆ ಕಣ್ಣೇ ಹೋಗಬಹುದು. ಬಾಣಂತಿ ಮನೆಯಲ್ಲೇ ಇರಲಿ, ಮಗುವನ್ನು ಬೇರೆಯವರು ಎತ್ತಿಕೊಂಡು ಹೋಗಲಿ.

3. ತೂಗುವುದು, ಅಳೆಯುವುದು

ಬಟ್ಟೆ, ಡೈಪರ್ ಎರಡೂ ತೆಗೆದು ತೂಗಿಸಿ. ಒದ್ದೆ ಡೈಪರ್, ಬೆಳ್ಳಿ ಉಡಿದಾರ, ಕಾಲ್ಗಡಗ ಎಲ್ಲಾ ಸೇರಿದರೆ ಲೆಕ್ಕ ಕೆಡುತ್ತದೆ. ಆದಷ್ಟೂ ಅದೇ ಯಂತ್ರ ಇರಲಿ. ನೀವು ಮೊದಲು ಒಬ್ಬರೇ ನಿಂತು, ಆಮೇಲೆ ಮಗು ಎತ್ತಿಕೊಂಡು ನಿಂತು ಕಳೆಯುವ ಉಪಾಯ ಸಣ್ಣ ಮಗುವಿಗೆ ಬೇಡ. ದೊಡ್ಡವರ ಯಂತ್ರದಲ್ಲಿ ನೂರು ಇನ್ನೂರು ಗ್ರಾಂ ಆಚೀಚೆ ಆಗುವುದು ಮಾಮೂಲು.

ಊರಿನ ತಕ್ಕಡಿ ಬೇರೆ, ಇಲ್ಲಿನದು ಬೇರೆ. ಹಾಗಾಗಿ ಬಂದ ವಾರವೇ ಇಲ್ಲಿ ಒಮ್ಮೆ ತೂಗಿಸಿ, ನೋಟ್‌ಬುಕ್ಕಿನಲ್ಲಿ "ಹೊಸ ತಕ್ಕಡಿ" ಅಂತ ಬರೆದು ಅಲ್ಲಿಂದ ಮುಂದಿನದನ್ನು ನೋಡಿ. ಐದೂವರೆ ಇದ್ದದ್ದು ಐದೂಕಾಲು ಆದ ಕಥೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ತಕ್ಕಡಿಯನ್ನು. ಎರಡು ವಾರ ಬಿಟ್ಟು ಅದೇ ಹೊಸ ತಕ್ಕಡಿಯಲ್ಲಿ ತೂಗಿಸಿ. ಆಗಲೂ ಏರಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಎರಡು ವಾರವೂ ಕಾಯಬೇಡಿ.

ಎಷ್ಟು ಏರಬೇಕು? ಹುಟ್ಟಿದ ಮೊದಲ ದಿನಗಳಲ್ಲಿ ಮಗು ಸ್ವಲ್ಪ ಇಳಿಯುತ್ತದೆ. ನೂರಕ್ಕೆ ಹತ್ತರ ತನಕ ಇಳಿಯಬಹುದು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಆಮೇಲೆ ಮೂರು ತಿಂಗಳ ತನಕ ದಿನಕ್ಕೆ 25ರಿಂದ 30 ಗ್ರಾಂ, ಆರರ ತನಕ ದಿನಕ್ಕೆ ಸುಮಾರು 20 ಗ್ರಾಂ, ಅಲ್ಲಿಂದ ಮುಂದೆ 10ರಿಂದ 15 ಗ್ರಾಂ. ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಅನ್ನುವುದು ಅಂದಾಜು ಲೆಕ್ಕ.

ಈ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಮೂರು ತಿಂಗಳಾದ ಮೇಲೆ ಏರುವ ವೇಗ ತಾನಾಗಿಯೇ ಇಳಿಯುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನೀವು ಮುಂಬೈಗೆ ಬಂದಿರುತ್ತೀರಿ. "ನೀರು ಬದಲಾಯ್ತು, ನಿನ್ನ ಹಾಲು ಸಾಲುತ್ತಿಲ್ಲ" ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ, ಡಬ್ಬಿ ಹಾಲು ಮನೆಗೆ ಬರುತ್ತದೆ. ಕಾರ್ಡಿನ ಚಾರ್ಟಿನಲ್ಲಿ ತೂಕದ ಗೆರೆ ಹೇಗಿದೆ ಅಂತ ನೋಡದೆ ಆ ಡಬ್ಬಿ ಒಡೆಯಬೇಡಿ.

ಉದ್ದವನ್ನು ಮನೆಯಲ್ಲಿ ಅಳೆಯಲು ಹೋಗಬೇಡಿ. ಮಗು ಕಾಲು ಮಡಚಿಕೊಳ್ಳುತ್ತದೆ. ಇಬ್ಬರು ಹಿಡಿದು, ಅಳತೆಯ ಹಲಗೆಯ ಮೇಲೆ ಮಲಗಿಸಿ ನೋಡಬೇಕು. ಕ್ಲಿನಿಕ್ಕಿನಲ್ಲಿ ಮಾಡಿಸಿ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್, ವರ್ಷಕ್ಕೆ 75ರ ಆಸುಪಾಸು.

ತಲೆಯ ಸುತ್ತಳತೆಯನ್ನು ಮಾತ್ರ ಮನೆಯಲ್ಲೂ ನೋಡಬಹುದು. ಟೇಪು ಮುಂದೆ ಹುಬ್ಬಿನ ಮೇಲೆ, ಹಿಂದೆ ತಲೆ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿ ಹಾದುಹೋಗಲಿ. ಮೂರು ಸಲ ಅಳೆದು ದೊಡ್ಡದನ್ನು ಬರೆದುಕೊಳ್ಳಿ. ಹುಟ್ಟಿದಾಗ 34ರ ಹತ್ತಿರ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು 1, ಆಮೇಲೆ ಅರ್ಧ. ವರ್ಷಕ್ಕೆ ಸುಮಾರು 46. ತಲೆ ತೀರಾ ಬೇಗ ದೊಡ್ಡದಾದರೂ, ಬೆಳೆಯುವುದೇ ನಿಂತರೂ ಡಾಕ್ಟರು ನೋಡಬೇಕು. ತಲೆ ದುಂಡಗೆ ಬರಲಿ ಅಂತ ಎಣ್ಣೆ ಹಚ್ಚುವಾಗ ಒತ್ತುವುದನ್ನು ಬಿಟ್ಟುಬಿಡಿ.

4. ಗೆರೆ ಓದುವುದು

ಕಾರ್ಡಿನ ಚಾರ್ಟಿನಲ್ಲಿ ಕೆಳಗಡೆ ತಿಂಗಳು, ಪಕ್ಕದಲ್ಲಿ ಕೆಜಿ. ಎರಡೂ ಸೇರುವ ಕಡೆ ಚುಕ್ಕಿ ಇಡಿ, ಚುಕ್ಕಿಗಳನ್ನು ಕೂಡಿಸಿ. ಹುಡುಗನಿಗೆ ಬೇರೆ ಚಾರ್ಟ್, ಹುಡುಗಿಗೆ ಬೇರೆ. ಅವಸರದಲ್ಲಿ ಒಂದರ ಬದಲು ಇನ್ನೊಂದರಲ್ಲಿ ಚುಕ್ಕಿ ಇಟ್ಟಿರುತ್ತಾರೆ, ನೋಡಿಕೊಳ್ಳಿ.

ಖಾಸಗಿ ಡಾಕ್ಟರು ಪರ್ಸೆಂಟೈಲ್ ಅನ್ನುತ್ತಾರೆ. ಒಂದೇ ವಯಸ್ಸಿನ ನೂರು ಮಕ್ಕಳನ್ನು ಹಗುರದಿಂದ ಭಾರದ ತನಕ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಷ್ಟನೆಯದು ಅನ್ನುವ ಲೆಕ್ಕ ಅದು. 15 ಅಂದರೆ ಪರೀಕ್ಷೆಯ ಅಂಕ ಅಲ್ಲ, ಫೇಲೂ ಅಲ್ಲ. ಮೊದಲಿಂದ 15ರ ಗೆರೆಯ ಜೊತೆಗೇ ಏರುತ್ತಾ ಬಂದ ಮಗು ಚೆನ್ನಾಗಿಯೇ ಇದೆ. 60ರಲ್ಲಿ ಇದ್ದದ್ದು 15ಕ್ಕೆ ಇಳಿದರೆ ಅದು ಪ್ರಶ್ನೆ. ಚಾರ್ಟಿನ ಎರಡು ಗೆರೆ ದಾಟಿ ಕೆಳಗಿಳಿದರೆ, ಗೆರೆ ಮಟ್ಟಸವಾಗಿ ಮಲಗಿಬಿಟ್ಟರೆ, ಸರಿಯಾದ ತೂಕ ತೋರಿಸುವ ಹಸಿರು ಪಟ್ಟೆ ಬಿಟ್ಟು ಕೆಳಗಿನ ಬಣ್ಣಕ್ಕೆ ಹೋದರೆ ಡಾಕ್ಟರಿಗೆ ತೋರಿಸಿ. ವರ್ಷ ತುಂಬಿದಾಗ ಹುಡುಗರು ಸರಾಸರಿ 9.6 ಕೆಜಿ, ಹುಡುಗಿಯರು 8.9 ಇರುತ್ತಾರೆ. ಹುಡುಗ 7.7ಕ್ಕಿಂತ, ಹುಡುಗಿ 7ಕ್ಕಿಂತ ಕಡಿಮೆ ಇದ್ದರೆ ಹಸಿರು ಪಟ್ಟೆಯ ಹೊರಗೆ.

"ಅದು ಫಾರಿನ್ ಮಕ್ಕಳ ಚಾರ್ಟು" ಅನ್ನುವ ವಾದ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ಗೆರೆಗಳಿಗೆ ಆರು ದೇಶಗಳ ಮಕ್ಕಳನ್ನು ಅಳೆದಿದ್ದಾರೆ. ಅದರಲ್ಲಿ ನಮ್ಮ ದಿಲ್ಲಿಯ ಮಕ್ಕಳೂ ಇದ್ದರು, ಅವರೂ ತಾಯಿ ಹಾಲು ಕುಡಿದವರೇ.

ತೂಕ ಹೇಳಿದರೆ ದೃಷ್ಟಿ ತಾಗುತ್ತದೆ ಅನ್ನುವ ಅಜ್ಜಿಯರಿದ್ದಾರೆ. ನೀವ್ಯಾರಿಗೂ ಹೇಳಬೇಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಜ್ಜಿಗೂ ಸಮಾಧಾನ, ಲೆಕ್ಕವೂ ಉಳಿಯುತ್ತದೆ.

5. ಮಗು ಏನೇನು ಮಾಡುತ್ತಿದೆ ಬರೆಯಿರಿ

ಕತ್ತು ನಿಲ್ಲುವುದು, ಮಗುಚುವುದು, ಕೂರುವುದು, ನಗುವುದು, ಇವಕ್ಕೆಲ್ಲ ಡಾಕ್ಟರು ಮೈಲ್‌ಸ್ಟೋನ್ ಅನ್ನುತ್ತಾರೆ. ಒಂದೊಂದಕ್ಕೂ ಒಂದು ದಿನ ಅಂತ ಇಲ್ಲ, ಒಂದು ಅವಧಿ ಇದೆ. ಆಸರೆ ಇಲ್ಲದೆ ಕೂರುವುದು 4ರಿಂದ 9 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಅಂಬೆಗಾಲು 5ರಿಂದ ಹದಿಮೂರೂವರೆ ತಿಂಗಳೊಳಗೆ. ಒಂಟಿಯಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳೊಳಗೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡುವುದೇ ಇಲ್ಲ. ಕುಂಡೆಯ ಮೇಲೆ ಜಾರುತ್ತವೆ, ಇಲ್ಲವೇ ನೇರ ಎದ್ದು ನಿಲ್ಲುತ್ತವೆ. ಪಕ್ಕದ ಫ್ಲ್ಯಾಟಿನ ಮಗು ಐದಕ್ಕೆ ಕೂತಿತು, ನಿಮ್ಮದು ಎಂಟಕ್ಕೆ ಕೂರುತ್ತದೆ. ಎರಡೂ ಸರಿ.

ದಿನಾ ನೋಡುತ್ತಾ ಕೂರಬೇಡಿ. ಲಸಿಕೆಗೆ ಹೋಗುವ ದಿನಗಳನ್ನೇ ಗುರುತು ಮಾಡಿಕೊಂಡರೆ ಮರೆಯುವುದಿಲ್ಲ.

*ಆರನೇ ವಾರ.* ನಿಮ್ಮ ಮುಖ ನೋಡುತ್ತದೆಯೇ? ದೊಡ್ಡ ಸದ್ದಿಗೆ ಬೆಚ್ಚುತ್ತದೆಯೇ? ನಿದ್ದೆಯಲ್ಲಿ ನಗುವುದು ಲೆಕ್ಕಕ್ಕಿಲ್ಲ. ನಿಮ್ಮನ್ನು ನೋಡಿ ನಗುವುದು ಎರಡು ತಿಂಗಳ ಹೊತ್ತಿಗೆ ಶುರುವಾಗುತ್ತದೆ.

*ಹದಿನಾಲ್ಕನೇ ವಾರ.* ಮುಷ್ಟಿ ಬಿಚ್ಚಿದೆಯೇ? ಬೋರಲು ಹಾಕಿದರೆ ತಲೆ ಎತ್ತುತ್ತದೆಯೇ? ಕಣ್ಣು ನಿಮ್ಮ ಹಿಂದೆ ಬರುತ್ತದೆಯೇ?

*ಆರನೇ ತಿಂಗಳು.* ಲಸಿಕೆ ಇಲ್ಲದಿದ್ದರೂ ರಾಗಿ ಸರಿ ಶುರು ಮಾಡುವ ಹೊತ್ತು, ನೆನಪಿರುತ್ತದೆ. ಕತ್ತು ಗಟ್ಟಿ ನಿಂತಿರಬೇಕು. ಮಗುಚಬೇಕು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗಬೇಕು. ಗಟ್ಟಿಯಾಗಿ ನಗಬೇಕು.

*ಒಂಬತ್ತನೇ ತಿಂಗಳು, ದಡಾರ ಲಸಿಕೆಯ ಹೊತ್ತು.* ನನ್ನನ್ನು ಕೇಳಿದರೆ ಇಡೀ ವರ್ಷದಲ್ಲಿ ಮುಖ್ಯವಾದ ಗಡಿ ಇದು. ಆಸರೆ ಇಲ್ಲದೆ ಕೂರುವುದು, ಆಟಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುವುದು, ಬಬಬ ದದದ ಅನ್ನುವುದು, ಹೆಸರು ಕರೆದರೆ ತಿರುಗುವುದು, ಹೊಸಬರನ್ನು ಕಂಡರೆ ಅಳುವುದು. ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ತೊಟ್ಟಿಲ ಹೆಸರು ಒಂದು, ಅಜ್ಜಿ ಕರೆಯುವುದು ಪುಟ್ಟಿ, ಅಪ್ಪ ಬಂಗಾರಿ, ಬಾಯಿ ಪಿಲ್ಲು. ಹೀಗಿದ್ದರೆ ಅದು ಯಾವುದಕ್ಕೆ ತಿರುಗಬೇಕು? ಯಾವುದಾದರೂ ಒಂದು ಹೆಸರನ್ನು ಎಲ್ಲರೂ ಕರೆಯಿರಿ, ಹಿಂದಿನಿಂದ ಕರೆದು ನೋಡಿ.

*ವರ್ಷಕ್ಕೆ.* ಬೆರಳ ತುದಿಯಲ್ಲಿ ಮಂಡಕ್ಕಿ ಹೆಕ್ಕುವುದು, ಟಾಟಾ ಮಾಡುವುದು, ಹಿಡಿದುಕೊಂಡು ನಿಲ್ಲುವುದು, ಒಂದೆರಡು ಮಾತು. ಮಂಡಕ್ಕಿ ಹೆಕ್ಕಲು ಕೊಡುವಾಗ ಎದುರಿಗೇ ಕೂತಿರಿ, ಗಂಟಲಿಗೆ ಸಿಕ್ಕೀತು.

ಇಲ್ಲಿನ ಫ್ಲ್ಯಾಟುಗಳಲ್ಲಿ ನೆಲವೇ ಸಿಗುವುದಿಲ್ಲ. ಮಗು ತೊಟ್ಟಿಲಿಂದ ತೊಡೆಗೆ, ತೊಡೆಯಿಂದ ಮಂಚಕ್ಕೆ. ಎಚ್ಚರ ಇರುವಾಗ ದಿನಕ್ಕೆ ನಾಲ್ಕಾರು ಸಲ ಚಾಪೆ ಹಾಸಿ ಬೋರಲು ಬಿಡಿ, ಪಕ್ಕದಲ್ಲೇ ಇರಿ. ಮಲಗಿಸುವಾಗ ಮಾತ್ರ ಯಾವಾಗಲೂ ಅಂಗಾತ. ವಾಕರ್ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಬೀಳುವ ಅಪಾಯ ಮಾತ್ರ ಜಾಸ್ತಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ. ಉಡುಗೊರೆಯಾಗಿ ಬಂದರೆ ಅಟ್ಟಕ್ಕೆ ಹಾಕಿ.

ಎಣ್ಣೆ ತಿಕ್ಕಿದ್ದು ಸಾಲದೆ ಕತ್ತು ನಿಂತಿಲ್ಲ ಅನ್ನುವುದು ಸುಮ್ನೆ ಮಾತು. ಆದರೆ ಮಾಲೀಶ್ ಮಾಡುವ ಬಾಯಿ "ಈ ಮಗುವಿನ ಕಾಲು ಬಿಗಿ ಇದೆ", "ಮೈ ತೀರಾ ಸಡಿಲ" ಅಂದರೆ ಕಿವಿಗೊಡಿ. ನೂರಾರು ಮಕ್ಕಳ ಮೈ ಮುಟ್ಟಿದ ಕೈ ಅದು.

6. ಕಿವಿ ಮತ್ತು ಮನೆಯ ಮೂರು ಭಾಷೆ

ಕಿವಿಯ ಲೆಕ್ಕ ನೆನಪಿಡುವುದು ಸುಲಭ: 1, 3, 6. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ತೊಂದರೆ ಖಚಿತವಾದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು. ಈ ಮೂರು ಗಡಿಗಳ ನಡುವೆಯೇ ನೀವು ಊರು ಬದಲಾಯಿಸುತ್ತೀರಿ. ತವರಿನಲ್ಲಿ "ಇನ್ನೊಮ್ಮೆ ಬಂದು ಮಾಡಿಸಿ" ಅಂದಿದ್ದರು, ಅಷ್ಟರಲ್ಲಿ ರೈಲಿಗೆ ಟಿಕೆಟ್ ಆಗಿತ್ತು, ಆ ಇನ್ನೊಮ್ಮೆ ಬರಲೇ ಇಲ್ಲ. ಹೀಗೆ ಬಿಟ್ಟುಹೋದ ಪರೀಕ್ಷೆ ಇದೆಯೇ ಅಂತ ಫೈಲು ತೆಗೆದು ನೋಡಿ. ಚಪ್ಪಾಳೆಗೆ ತಿರುಗಿತು, ತಟ್ಟೆ ಬಡಿದರೆ ಬೆಚ್ಚಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಅರ್ಧ ಕೇಳುವ ಮಗುವೂ ತಟ್ಟೆಗೆ ಬೆಚ್ಚುತ್ತದೆ.

ಇನ್ನು ಭಾಷೆ. ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಮಾತಿನ ದೋಷ ಬರುವುದಿಲ್ಲ. "ಮಗು ಗೊಂದಲ ಆಗುತ್ತೆ, ಕನ್ನಡ ಬಿಡಿ, ಒಂದೇ ಭಾಷೆ ಆಡಿ" ಅನ್ನುವ ಸಲಹೆಗೆ ತಲೆದೂಗಬೇಡಿ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಜಾಸ್ತಿ ಮಾತಾಡಿ. ಲೆಕ್ಕ ಹಾಕುವಾಗ ಮಾತ್ರ ಎಲ್ಲಾ ಭಾಷೆ ಸೇರಿಸಿ. ಅಜ್ಜಿ "ಬಾ" ಅಂದರೆ ಕೈಚಾಚುತ್ತದೆ, ಬಾಯಿ "ಯೇ" ಅಂದರೂ ಚಾಚುತ್ತದೆ. ಎರಡನ್ನೂ ಬರೆಯಿರಿ. ಹಗಲೆಲ್ಲ ಮಗು ಬೇರೆಯವರ ಹತ್ತಿರ ಇದ್ದರೆ ಅವರನ್ನು ಕೇಳದೆ ನಿಮ್ಮ ಪಟ್ಟಿ ಪೂರ್ತಿಯಾಗುವುದಿಲ್ಲ.

ಭಾಷೆ ಮೂರಿದ್ದರೂ ಒಂಬತ್ತು ಹತ್ತು ತಿಂಗಳಿಗೆ ಬಬಬ ಬರಲೇಬೇಕು. ಬಂದಿಲ್ಲ ಅಂದರೆ ತಪ್ಪನ್ನು ಭಾಷೆಯ ಮೇಲೆ ಹಾಕದೆ ಕಿವಿ ತೋರಿಸಿ. ಟಿವಿ, ಮೊಬೈಲು ಮಾತು ಕಲಿಸುವುದಿಲ್ಲ. ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

7. ಯಾವಾಗ ಕಾಯಬಾರದು, ಎಲ್ಲಿಗೆ ಹೋಗಬೇಕು

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ. ಐದಕ್ಕೂ ಕತ್ತು ನಿಲ್ಲದಿದ್ದರೆ. ನಾಲ್ಕು ತಿಂಗಳ ಮೇಲೂ ಮುಷ್ಟಿ ಬಿಗಿಯೇ ಇದ್ದರೆ. ಹತ್ತಾದರೂ ಕೂರದಿದ್ದರೆ. ನಾಲ್ಕು ತಿಂಗಳ ಮೇಲೂ ಮೆಳ್ಳೆಗಣ್ಣು ಕಂಡರೆ. ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಬಿಟ್ಟುಬಿಟ್ಟರೆ. ಅದನ್ನು ಎಡಚ ಅಂತ ನಕ್ಕು ಬಿಡಬೇಡಿ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎಲ್ಲಕ್ಕಿಂತ ಮುಖ್ಯ, ಕಲಿತದ್ದನ್ನು ಮಗು ಮರೆತರೆ, ಅಂದರೆ ಕೂರುತ್ತಿದ್ದದ್ದು ಬಿದ್ದರೆ, ಬಬಬ ಅನ್ನುತ್ತಿದ್ದದ್ದು ನಿಂತರೆ, ವಯಸ್ಸು ಎಷ್ಟೇ ಇರಲಿ ತಡ ಮಾಡಬೇಡಿ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಅನ್ನುವ ಸಮಾಧಾನ ಈ ಪಟ್ಟಿಗೆ ಅನ್ವಯಿಸುವುದಿಲ್ಲ.

ಮೊದಲು ನಿಮ್ಮ ಮಕ್ಕಳ ಡಾಕ್ಟರು. ಅವರು ತಿರುವನಂತಪುರದಲ್ಲಿ ತಯಾರಾದ, ಮಗುವಿನ ಬೆಳವಣಿಗೆ ನೋಡುವ 17 ಪ್ರಶ್ನೆಯ ಚಾರ್ಟಿನಂಥದ್ದನ್ನು ಇಟ್ಟು ನೋಡಬಹುದು. ಅದು ಐದು ಹತ್ತು ನಿಮಿಷದ ಕೆಲಸ. "ಡೆವಲಪ್‌ಮೆಂಟ್ ಸ್ಕ್ರೀನಿಂಗ್ ಮಾಡ್ತೀರಾ?" ಅಂತ ನೀವೇ ಬಾಯಿಬಿಟ್ಟು ಕೇಳಿ. ಲಸಿಕೆಯ ದಿನದ ಗಲಾಟೆಯಲ್ಲಿ ಕೇಳದಿದ್ದರೆ ಆಗುವುದಿಲ್ಲ. ಸರ್ಕಾರಿ ದಾರಿ ಬೇಕಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. 2013ರಲ್ಲಿ ಅದಕ್ಕೆ ಚಾಲನೆ ಸಿಕ್ಕಿದ್ದೇ ಇಲ್ಲಿ ಪಾಲ್ಘರ್‌ನಲ್ಲಿ. ಅಂಗನವಾಡಿಯಲ್ಲಿ ಕೇಳಿದರೆ ತಪಾಸಣೆಯ ತಂಡ ಯಾವಾಗ ಬರುತ್ತದೆ ಹೇಳುತ್ತಾರೆ. ಮುಂಬೈಯಲ್ಲಿ ಮಕ್ಕಳಿಗೆಂದೇ ಪರೇಲಿನ ವಾಡಿಯಾ ಆಸ್ಪತ್ರೆ ಇದೆ. ಕಿವಿ, ಮಾತಿಗೆ ಬಾಂದ್ರಾ ರಿಕ್ಲಮೇಷನ್‌ನ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಥರದ್ದು. ಪುಣೆಯವರಿಗೆ ರಾಸ್ತಾ ಪೇಠೆಯ ಕೆಇಎಂ, ಗೋವಾದವರಿಗೆ ಬಾಂಬೋಳಿಯ ಮೆಡಿಕಲ್ ಕಾಲೇಜು.

ಸಾಲಿನಲ್ಲಿ ಎರಡು ಗಂಟೆ ಕಾಯ್ದು ಒಳಗೆ ಹೋಗುವ ಹೊತ್ತಿಗೆ ಮಗು ನಿದ್ದೆ ಮಾಡಿರುತ್ತದೆ, ಇಲ್ಲವೇ ಕಿರುಚುತ್ತಿರುತ್ತದೆ. ಹಾಗಾಗಿ ಮನೆಯಲ್ಲೇ ಅರ್ಧ ನಿಮಿಷದ ವಿಡಿಯೋಗಳನ್ನು ತೆಗೆದಿಟ್ಟುಕೊಳ್ಳಿ. ಬೋರಲು ಮಲಗಿದ್ದು, ಕೂರಿಸಿದ್ದು, ಆಟಿಕೆ ಹಿಡಿದದ್ದು, ಹೆಸರು ಕರೆದಾಗ ಮಾಡಿದ್ದು. ಮರಾಠಿಯಲ್ಲಿ ಕೇಳಿದರೆ ತಬ್ಬಿಬ್ಬಾಗಬೇಡಿ. ಮಾನ್ ಧರಣೆ ಅಂದರೆ ಕತ್ತು ನಿಲ್ಲುವುದು, ಪಾಲಥೆ ಪಡಣೆ ಅಂದರೆ ಮಗುಚುವುದು, ರಾಂಗಣೆ ಅಂದರೆ ಅಂಬೆಗಾಲು. ನಿಮ್ಮ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೊದಲೇ ಬರೆದುಕೊಂಡು ಹೋಗಿ. ಡಾಕ್ಟರು ಹೇಳಿದ ಮುಂದಿನ ತಾರೀಖನ್ನು ಅಲ್ಲಿಯೇ, ಅವರ ಎದುರಿಗೇ ಬರೆದುಕೊಳ್ಳಿ.